ಉಪ್ಪುನೀರಿನ ಮೀನುತೊಟ್ಟಿ: ಮೀನೂ ಉಳಿಯಲಿ, ಹೊಲವೂ ಉಳಿಯಲಿ

ಕೃಷ್ಣಾ ತೀರದ ಕಸಬೆ ಡಿಗ್ರಜದ ಕಡೆಯ ರೈತರಿಗೆ ಉಪ್ಪಿನ ಹಾನಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಕಬ್ಬಿಗೆ ಅತಿಯಾಗಿ ನೀರು ಹಾಯಿಸಿ, ಅದು ಬಸಿದುಹೋಗದೆ, ಸಾಂಗ್ಲಿ ಜಿಲ್ಲೆಯ ಎಷ್ಟೋ ಕಪ್ಪು ಹೊಲಗಳು ಸವಳಾಗಿವೆ. ಇಂಥ ಊರಿನ ಮನೆಯಲ್ಲಿ ಕಡಲ ಮೀನು ಸಾಕುವ ಆಸೆ ಮಕ್ಕಳಿಗೆ ಬಂದರೆ ಎರಡು ಸಂಗತಿ ತಿಳಿದಿರಬೇಕು: ತೊಟ್ಟಿಯ ನೀರು ಶುದ್ಧವಾಗುವ ಬಗೆ ಮತ್ತು ಹಳೆಯ ಉಪ್ಪುನೀರನ್ನು ಎಲ್ಲಿ ಹಾಕಬೇಕೆಂಬುದು.

ನೀರು ಶುದ್ಧವಾಗುವುದು ಹೇಗೆ?

ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಯೂರಿಯಾ ಹಾಕಿದ ಹೊಲದಲ್ಲಿ ಆಗುವಂತೆಯೇ ಸೂಕ್ಷ್ಮಾಣುಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ಅಪಾಯಕಾರಿ. ನೈಟ್ರೇಟಿನ ವಿಷ ಬಹಳ ಕಡಿಮೆ. ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬವರು ಕಡಲ ಕಲ್ಲು, ಬೆಳಕು, ಗಾಳಿಗುಳ್ಳೆಗಳಿಂದಲೇ ತೊಟ್ಟಿ ನಡೆಸುವ ಕ್ರಮವನ್ನು 1961ರಲ್ಲಿ ಬರೆದು ತಿಳಿಸಿದರು. ಇಂದಿಗೂ ಮೂರು ಸಹಾಯಕರಿದ್ದಾರೆ.

1. ಕಲ್ಲು: ಸಣ್ಣ ರಂಧ್ರಗಳುಳ್ಳ ಒಣ ಸುಣ್ಣಕಲ್ಲು ಸೂಕ್ಷ್ಮಾಣುಗಳಿಗೆ ಮನೆ. ಕಡಲಿನಿಂದ ಹವಳ ಕಿತ್ತು ತರಬೇಡಿ. 2001ರಿಂದ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

2. ಮರಳು: ಸುಮಾರು 10 ಸೆಂ.ಮೀ. ದಪ್ಪ ನುಣುಪು ಮರಳು ಹಾಸಿದರೆ ಕೆಳಪದರಕ್ಕೆ ಗಾಳಿ ತಲುಪದು. ಅಲ್ಲಿನ ಸೂಕ್ಷ್ಮಾಣುಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಬಿಡುತ್ತವೆ. ನೀರು ನಿಂತ ಹೊಲದಲ್ಲಿ ಗೊಬ್ಬರ ನಷ್ಟವಾಗುವುದೂ ಹೀಗೆಯೇ. ಈ ಪದರವನ್ನು ಕೆದಕಬಾರದು.

3. ಪಾಚಿ: ಕಡಲ ಪಾಚಿ ನೈಟ್ರೇಟನ್ನು ಹೀರಿ ಬೆಳೆಯುತ್ತದೆ. ಮೇವು ಕೊಯ್ದಂತೆ ಆಗಾಗ ಕತ್ತರಿಸಿ ತೆಗೆಯಿರಿ.

ಆತುರ ಬೇಡ

ಸೂಕ್ಷ್ಮಾಣುಗಳು ನೆಲೆಯೂರಲು 4ರಿಂದ 6 ವಾರ ಬೇಕು. ಚಿಟಿಕೆ ಮೀನಿನ ಆಹಾರ ಹಾಕಿ ಕಾಯಿರಿ. ಪರೀಕ್ಷಿಸಿದಾಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಒಂದೆರಡು ಮೀನು ಬಿಡಿ. ಲೀಟರಿಗೆ ಸುಮಾರು 35 ಗ್ರಾಂ ಸಾಗರ ಉಪ್ಪಿನ ಮಿಶ್ರಣ ಬೇಕು. ಅಡುಗೆ ಉಪ್ಪು ಆಗದು. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಂಗಿದಷ್ಟು ಸಿಹಿನೀರನ್ನೇ ತುಂಬಿಸಿ.

ಹಳೆಯ ನೀರು ಎಲ್ಲಿಗೆ?

100 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ 10 ಲೀಟರ್ ಬದಲಿಸಿದರೆ ವರ್ಷಕ್ಕೆ ಸುಮಾರು 18 ಕಿಲೋ ಉಪ್ಪು ಹೊರಬರುತ್ತದೆ. ಅದನ್ನು ಅರಿಶಿನದ ಮಡಿಗೆ, ತೆಂಗಿನ ಬುಡಕ್ಕೆ, ತಿಪ್ಪೆಗೆ, ಬಾವಿಯ ಬಳಿ ಚೆಲ್ಲಬೇಡಿ. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿಸಿಲಿಗಿಟ್ಟು ಒಣಗಿಸಿ, ಉಳಿದ ಉಪ್ಪನ್ನು ಚೀಲ ಕಟ್ಟಿ ಕಸದ ಗಾಡಿಗೆ ಕೊಡಿ. ಅದು ಅಡುಗೆಗಾಗಲಿ ದನಗಳಿಗಾಗಲಿ ಸಲ್ಲದು.

ಆರೋಗ್ಯದ ಎಚ್ಚರಿಕೆ

ಗಾಯವಿರುವ ಕೈಯನ್ನು ತೊಟ್ಟಿಗೆ ಹಾಕಬೇಡಿ. ಬೇಗ ಮಾಯದ ಚರ್ಮದ ಗಂಟು ಏಳಬಹುದು. ಎದ್ದರೆ ಮೀನು ಸಾಕುತ್ತಿರುವುದನ್ನು ವೈದ್ಯರಿಗೆ ತಿಳಿಸಿ. ಕೊಳವೆಯನ್ನು ಬಾಯಿಂದ ಎಳೆದು ನೀರು ತೆಗೆಯಬೇಡಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.