ಹೊಳೆಯ ಗಡಿ, ಕಲ್ಲಿನ ಗಡಿ

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸಿನಿಂದ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿ ಕಾಸರಗೋಡಿನ ಕಡೆ ಹೋಗುವ ಪ್ರಯಾಣಿಕರು ಮಂಗಳೂರು ಜಂಕ್ಷನ್ ಬಿಟ್ಟೊಡನೆ ಕಿಟಕಿಯ ಬಳಿಗೆ ಸರಿಯುತ್ತಾರೆ. ಉಳ್ಳಾಲದ ಹತ್ತಿರ ನೇತ್ರಾವತಿ ನದಿ ವಿಶಾಲವಾಗಿ ಹರಡಿ ಕಡಲನ್ನು ಕೂಡುವ ನೋಟ ಅಲ್ಲಿ ದೊರೆಯುತ್ತದೆ. ಇಷ್ಟು ದೊಡ್ಡ ನದಿ ಬಂದಮೇಲೆ ಕರ್ನಾಟಕ ಮುಗಿಯಿತೆಂದು ಹೊಸಬರು ಭಾವಿಸುವುದುಂಟು. ಆದರೆ ನದಿಯ ಆಚೆಗೂ ಕರ್ನಾಟಕವೇ. ಗಡಿ ಇರುವುದು ಇನ್ನೂ ಕೆಲವು ಮೈಲು ತೆಂಕಣಕ್ಕೆ, ತಲಪಾಡಿಯಲ್ಲಿ. ಎರಡು ರಾಜ್ಯಗಳನ್ನು ಬೇರ್ಪಡಿಸಬಲ್ಲ ಬೆಟ್ಟವಾಗಲಿ ಮಹಾನದಿಯಾಗಲಿ ಅಲ್ಲಿಲ್ಲ. ಅದೇ ಕೆಮ್ಮಣ್ಣು, ಅದೇ ತೆಂಗು ಕಂಗು, ಇತ್ತ ತಲಪಾಡಿಯಲ್ಲಿಯೂ ಅತ್ತ ಕುಂಜತ್ತೂರಿನಲ್ಲಿಯೂ ಅದೇ ತುಳು ಮಾತು.

ಈ ಗೆರೆ ಬಂದುದು ಕಂದಾಯ ಇಲಾಖೆಯ ಕಡತದಿಂದ. ಮದರಾಸು ಆಧಿಪತ್ಯದ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಮಂಗಳೂರು ಮತ್ತು ಕಾಸರಗೋಡು ತಾಲೂಕುಗಳ ನಡುವೆ ಇದ್ದ ಎಲ್ಲೆಯದು. ಸರ್ವೆಯವರು ಸರಪಳಿ ಹಿಡಿದು ಅಳೆದು, ಕಲ್ಲು ನೆಟ್ಟು, ನಕಾಶೆಯಲ್ಲಿ ಗುರುತಿಸುತ್ತಿದ್ದ ಇಂಥ ಎಲ್ಲೆಗಳ ಉದ್ದೇಶ ಒಂದೇ: ಯಾವ ಗ್ರಾಮದ ತೀರ್ವೆ ಯಾವ ಕಚೇರಿಗೆ ಸಲ್ಲಬೇಕೆಂಬುದು. ಭಾಷೆ, ನೆಂಟಸ್ತನ, ಸಂತೆ, ವೈದ್ಯ ಇವು ಸರ್ವೆಯವರ ಲೆಕ್ಕಕ್ಕೆ ಸೇರಿದವಲ್ಲ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗವು ಕಾಸರಗೋಡು ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ತಾಲೂಕಿನ ಎಲ್ಲೆಯೇ ರಾಜ್ಯದ ಎಲ್ಲೆಯಾಯಿತು.

ಕನ್ನಡಿಗರು ಕೇಳಿದ್ದು ಬೇರೆಯ ಗಡಿಯನ್ನು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಕಡೆಯಿಂದ ಪಯಸ್ವಿನಿಯೆಂಬ ಹೆಸರಿನಲ್ಲಿ ಇಳಿದು, ಕಾಸರಗೋಡು ಪಟ್ಟಣವನ್ನು ಬಳಸಿ ಕಡಲು ಸೇರುವ ಚಂದ್ರಗಿರಿ ಹೊಳೆ ತುಳುನಾಡಿಗೂ ಮಲೆಯಾಳಕ್ಕೂ ಎಲ್ಲೆಯೆಂದು ಪರಂಪರೆಯಿಂದ ನಂಬಲಾಗಿತ್ತು. ಮಂಜೇಶ್ವರದ ಗೋವಿಂದ ಪೈಗಳ ನಾಡು, ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ ಎಲ್ಲವೂ ಆ ಹೊಳೆಯ ಬಡಗಣಕ್ಕಿವೆ. ಕಿಞ್ಞಣ್ಣ ರೈಗಳು ತಮ್ಮ ದೀರ್ಘಾಯುಷ್ಯದ ಬಹುಭಾಗವನ್ನು ವಿಲೀನೀಕರಣದ ಬೇಡಿಕೆಗೆ ಮುಡಿಪಾಗಿಟ್ಟರು. ಕೇಂದ್ರ ಸರಕಾರ 1966ರಲ್ಲಿ ನೇಮಿಸಿದ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವು 1967ರಲ್ಲಿ ವರದಿ ಒಪ್ಪಿಸಿ, ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಹೇಳಿತು. ಬೆಳಗಾವಿಯ ಕುರಿತಾದ ತೀರ್ಮಾನವನ್ನು ಮಹಾರಾಷ್ಟ್ರ ಒಪ್ಪಲಿಲ್ಲ, ಕಾಸರಗೋಡಿನದನ್ನು ಕೇರಳ ಒಪ್ಪಲಿಲ್ಲ. ವರದಿ ಕಾರ್ಯಗತವಾಗಲಿಲ್ಲ. ಮುಂಬಯಿಯಲ್ಲಿದ್ದುಕೊಂಡು ಬೆಳಗಾವಿಯ ವಾಗ್ವಾದವನ್ನು ದಿನವೂ ಕೇಳುವವರಿಗೆ ಕಾಸರಗೋಡಿನ ಈ ಪ್ರಕರಣ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ಹೊಳೆಯಾದರೂ ನ್ಯಾಯವಾದ ಗಡಿಯೇ ಎಂಬುದು ವಿಚಾರಾರ್ಹ. ತುಂಗಭದ್ರೆ ಒಂದು ಕಾಲಕ್ಕೆ ನಿಜಾಮರ ಸೀಮೆಗೂ ಮದರಾಸಿಗೂ ಎಲ್ಲೆಯಾಗಿತ್ತು. ಭೀಮೆ ಇಂದಿಗೂ ಸ್ವಲ್ಪ ದೂರ ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳ ನಡುವೆ ಹರಿಯುತ್ತದೆ. ಎರಡರ ದಡಗಳಲ್ಲಿಯೂ ಬಂಧುಬಳಗ ಹಂಚಿಹೋಗಿದೆ. ಚಂದ್ರಗಿರಿಯ ತೆಂಕಣ ದಡದಲ್ಲಿ ನಿಂತಿರುವ ಕೋಟೆಯನ್ನೂ, ಇನ್ನೂ ತೆಂಕಣದ ಬೇಕಲದ ಕೋಟೆಯನ್ನೂ ಕಟ್ಟಿಸಿದವರು ಇಕ್ಕೇರಿಯ ನಾಯಕರೆಂದ ಮೇಲೆ, ಅರಸರಿಗೂ ಆ ಹೊಳೆ ಕೊನೆಯ ಎಲ್ಲೆಯಾಗಿರಲಿಲ್ಲ. ಅದು ಗಡಿಯಾಗಿದ್ದಲ್ಲಿ ಕಾಸರಗೋಡಿನ ಪೇಟೆಯನ್ನೇ ನೆಚ್ಚಿಕೊಂಡ ಚೆಮ್ಮನಾಡು, ಮೇಲ್ಪರಂಬದ ಜನರಿಗೆ ಅದೇ ತೊಂದರೆ ಬರುತ್ತಿತ್ತು. ಮುಂಬಯಿಯವರಿಗೆ ಇದರ ಅನುಭವ ಮಾಹಿಮಿನ ಖಾರಿಯಿಂದ ಇದ್ದೇ ಇದೆ. 1950ರವರೆಗೂ ಪೌರಸಭೆಯ ಮೇರೆ ಆ ಖಾರಿಯಲ್ಲಿಯೇ ನಿಂತಿತ್ತು. ಆದರೆ ಲೇಡಿ ಅವಾಬಾಯಿ ಜೀಜೀಭಾಯ್ ಅವರ ದಾನದಿಂದ 1845ರಲ್ಲಿ ಮಾಹಿಮಿನ ಸೇತುವೆದಾರಿ ತೆರೆದಂದೇ ಬಾಂದ್ರಾದ ಜನ ನಗರದವರಾಗಿಬಿಟ್ಟಿದ್ದರು. ಮೇರೆ ಜನರನ್ನು ಹಿಂಬಾಲಿಸಲು ನೂರು ವರ್ಷಕ್ಕೂ ಮೇಲಾಯಿತು.

ತಲಪಾಡಿಯ ಗೆರೆ ಅರವತ್ತಮೂರು ವರ್ಷ ಹೆಚ್ಚಾಗಿ ಕಾಗದದ ಮೇಲೆಯೇ ಇತ್ತೆನ್ನಬಹುದು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1956ರವರೆಗೆ ಕಾಸರಗೋಡಿನವರಿಗೂ ತಮ್ಮದೇ ಜಿಲ್ಲೆಯ ಆಸ್ಪತ್ರೆ. ರಾಜ್ಯ ಬೇರೆಯಾದ ಮಾತ್ರಕ್ಕೆ ಆ ರೂಢಿ ತಪ್ಪಲಿಲ್ಲ. ಹೃದ್ರೋಗವೆಂದರೆ ಮಂಗಳೂರು, ಕಷ್ಟದ ಹೆರಿಗೆಯೆಂದರೆ ಮಂಗಳೂರು. ಕಾಸರಗೋಡಿನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರು, ಮಂಜೇಶ್ವರದಿಂದ ಅದರ ಅರ್ಧಕ್ಕೂ ಕಡಿಮೆ. ಸ್ವರಾಜ್ಯದ ಮೆಡಿಕಲ್ ಕಾಲೇಜು ಬೇಕೆಂದರೆ ಕಣ್ಣೂರು ಜಿಲ್ಲೆಯ ಪರಿಯಾರಂವರೆಗೆ ಹೋಗಬೇಕಾಗಿತ್ತು.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೋವಿಡ್ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಕರ್ನಾಟಕವು ಕಾಸರಗೋಡಿನ ಕಡೆಯ ದಾರಿಗಳನ್ನು ಬಂದು ಮಾಡಿತು. ಹಲವೆಡೆ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿಯಲಾಯಿತು. ಆ ಜಿಲ್ಲೆಯಲ್ಲಿ ಸೋಂಕು ಹೆಚ್ಚಾಗಿದ್ದುದು ನಿಜ, ಆಡಳಿತದ ಭಯ ನಿರಾಧಾರವಾದುದಲ್ಲ. ಆದರೆ ಸೋಂಕಿಲ್ಲದ ರೋಗಿಗಳಿಗೂ ಅದೇ ತಡೆ ಬಿದ್ದಿತು. ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವನಿಗೆ ಒಂದೆರಡು ಸರದಿ ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು, ನೀರು ನಿಂತು ಉಸಿರು ಕಟ್ಟಬಹುದು. ಹೃದಯಾಘಾತದಲ್ಲಂತೂ ಮೊದಲಿನ ಕೆಲವು ಗಂಟೆಗಳಲ್ಲಿ ರಕ್ತನಾಳ ತೆರೆಯದಿದ್ದರೆ ಸತ್ತ ಸ್ನಾಯು ಮತ್ತೆ ಚಿಗುರದು. ಗಡಿಯಲ್ಲಿ ಆಂಬ್ಯುಲೆನ್ಸುಗಳನ್ನು ಹಿಂದಕ್ಕೆ ಕಳಿಸಿದ್ದರಿಂದ ಹಲವರು ಚಿಕಿತ್ಸೆ ಕಾಣದೆ ತೀರಿಕೊಂಡರೆಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದವು. ಮುಂಬಯಿಯಲ್ಲಿ ಸಿಕ್ಕಿಕೊಂಡ ಮಕ್ಕಳು ಊರಿನ ತಾಯ್ತಂದೆಯರ ಮಾತ್ರೆಯ ಚೀಟಿಯನ್ನು ಫೋನಿನಲ್ಲಿ ಓದಿಸಿಕೊಂಡು ಕಳವಳಪಟ್ಟ ಕಾಲವದು.

ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು, ಚಿಕಿತ್ಸೆಗಾಗಿ ದಾಟುವವರಿಗೆ ದಾರಿ ಬಿಡಿಸಬೇಕೆಂದು ಕೇಂದ್ರ ಸರಕಾರಕ್ಕೆ ಆದೇಶವಿತ್ತಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಉಭಯ ಪಕ್ಷಗಳು ಒಂದು ಕ್ರಮಕ್ಕೆ ಒಪ್ಪಿವೆಯೆಂದು ಏಪ್ರಿಲ್ 7ರಂದು ತಿಳಿಸಲಾಗಿ ಅಲ್ಲಿಗೆ ಮುಗಿಯಿತು. ಕೋವಿಡ್ ಇಲ್ಲವೆಂಬ ವೈದ್ಯರ ಪತ್ರ ತಂದವರಿಗೆ ತಲಪಾಡಿಯಲ್ಲಿ ದಾರಿ ಬಿಡಬೇಕೆಂಬುದು ಆ ಕ್ರಮ. ಅದೇ ವಾರ ಬದಿಯಡ್ಕದ ಆಚೆಯ ಉಕ್ಕಿನಡ್ಕದಲ್ಲಿ, 2013ರಲ್ಲಿ ಶಿಲಾನ್ಯಾಸವಾಗಿಯೂ ನಿಧಾನವಾಗಿ ಸಾಗುತ್ತಿದ್ದ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ತ್ವರೆಯಿಂದ ಸಜ್ಜುಗೊಳಿಸಿ ಕೋವಿಡ್ ಆಸ್ಪತ್ರೆಯನ್ನಾಗಿ ಮಾಡಲಾಯಿತು. ಉಕ್ಕಿನಡ್ಕ ಇರುವುದು ಚಂದ್ರಗಿರಿಯ ಬಡಗಣಕ್ಕೆ, ತಲಪಾಡಿಯ ಗೆರೆಯ ತೆಂಕಣಕ್ಕೆ.