ಒಂದು ಹಲ್ಲಿನ ಲೆಕ್ಕ

ಬೈಕಿನ ಚೈನ್ ಸ್ಪ್ರಾಕೆಟ್ ಸವೆದು ಹೊಸದು ಹಾಕಿಸುವ ಸಮಯ ಬಂದಾಗ ಕಾಲೇಜು ಹುಡುಗರಿಗೆ ಒಂದು ಆಸೆ ಮೂಡುವುದುಂಟು. ಹೇಗೂ ಬದಲಿಸಬೇಕಲ್ಲ, ಹಲ್ಲುಗಳ ಸಂಖ್ಯೆಯನ್ನೇ ಬದಲಿಸಿದರೆ ಬೈಕ್ ಇನ್ನೂ ಜೋರಾಗಿ ಓಡುವುದಿಲ್ಲವೇ? ಇದಕ್ಕೆ ಉತ್ತರ ಹೈಸ್ಕೂಲಿನ ವಿಜ್ಞಾನದಲ್ಲೇ ಇದೆ.

ಗಿಯರ್ ಬಾಕ್ಸಿನ ಬಳಿ ಇರುವುದು ಚಿಕ್ಕ ಸ್ಪ್ರಾಕೆಟ್; ಹಿಂದಿನ ಚಕ್ರದಲ್ಲಿರುವುದು ದೊಡ್ಡದು. ಹಿಂದಿನ ಹಲ್ಲುಗಳ ಸಂಖ್ಯೆಯನ್ನು ಮುಂದಿನ ಸಂಖ್ಯೆಯಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಭಾರತಕ್ಕೆ 2013ರಲ್ಲಿ ಬಂದ ಕೆಟಿಎಂ 390 ಡ್ಯೂಕ್ ಬೈಕಿನಲ್ಲಿ ಮುಂದೆ 15, ಹಿಂದೆ 45 ಹಲ್ಲುಗಳಿದ್ದವು. ಅನುಪಾತ 3. ಅಂದರೆ ಮುಂದಿನದು ಮೂರು ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆ.

ಮುಂದೆ 14 ಹಲ್ಲಿನದನ್ನು ಹಾಕಿದರೆ ಅನುಪಾತ ಸುಮಾರು 3.21 ಆಗುತ್ತದೆ. ಚಕ್ರವನ್ನು ತಿರುಗಿಸುವ ಬಲ ಶೇ 7ರಷ್ಟು ಹೆಚ್ಚಿ, ಏರು ಹತ್ತುವುದು ಸಲೀಸಾಗುತ್ತದೆ. ಆದರೆ ಅದೇ ವೇಗಕ್ಕೆ ಎಂಜಿನ್ ಶೇ 7ರಷ್ಟು ಹೆಚ್ಚು ಸುತ್ತಬೇಕು. ಹಿಂದೆ 48 ಹಲ್ಲು ಹಾಕಿದರೂ ಅನುಪಾತ 3.2. ಮುಂದಿನ ಒಂದು ಹಲ್ಲು ಇಲ್ಲಿ ಹಿಂದಿನ ಮೂರು ಹಲ್ಲುಗಳಿಗೆ ಸಮ!

ವೇಗ ಹೆಚ್ಚುವುದೇ?

ಮುಂದೆ 16 ಹಲ್ಲು ಹಾಕಿದರೆ ಅನುಪಾತ 2.81ಕ್ಕೆ ಇಳಿಯುತ್ತದೆ. ಎಂಜಿನ್ ನಿಧಾನವಾಗಿ ಸುತ್ತಿದರೂ ಚಕ್ರ ಅಷ್ಟೇ ವೇಗದಲ್ಲಿ ತಿರುಗುತ್ತದೆ ನಿಜ. ಆದರೆ ಎಂಜಿನ್ನಿನ ಸಾಮರ್ಥ್ಯ ಹೆಚ್ಚಿಲ್ಲ. ಸನ್ನೆಗೋಲಿನಂತೆ ಇಲ್ಲಿಯೂ ಒಂದನ್ನು ಪಡೆದರೆ ಇನ್ನೊಂದನ್ನು ಬಿಟ್ಟುಕೊಡಬೇಕು.

ವೇಗ ಏರಿದಂತೆ ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಶೇ 10ರಷ್ಟು ಹೆಚ್ಚು ವೇಗಕ್ಕೆ ಸುಮಾರು ಶೇ 33ರಷ್ಟು ಹೆಚ್ಚು ಸಾಮರ್ಥ್ಯ ಬೇಕು. ಅದನ್ನು ಸ್ಪ್ರಾಕೆಟ್ ಎಲ್ಲಿಂದ ತಂದೀತು? ಸಮತಟ್ಟಾದ ಹೆದ್ದಾರಿಯಲ್ಲಿ ಪೆಟ್ರೋಲ್ ಸ್ವಲ್ಪ ಉಳಿಯಬಹುದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಪೇಟೆಯಲ್ಲಿ ಓಡಾಡುವವರು ಮತ್ತೆ ಮತ್ತೆ ಗಿಯರ್ ಇಳಿಸಬೇಕಾಗಿ ಬಂದು, ಉಳಿದದ್ದು ಅಲ್ಲೇ ಖರ್ಚಾಗುತ್ತದೆ.

ಸವೆತದ ಗುರುತು

ಚೈನ್ 'ಉದ್ದವಾಗಿದೆ' ಎಂದು ಮೆಕ್ಯಾನಿಕ್ ಹೇಳುವುದನ್ನು ಕೇಳಿರಬಹುದು. ನಿಜವಾಗಿ ಉಕ್ಕು ಹಿಗ್ಗಿರುವುದಿಲ್ಲ. ಕೊಂಡಿಗಳ ಒಳಗಿನ ಪಿನ್ನು, ಬುಷ್‌ಗಳು ಸವೆದು ಕೊಂಡಿಗಳ ನಡುವಿನ ಅಂತರ ಹೆಚ್ಚಿರುತ್ತದೆ. ಆಗ ಚೈನ್ ಹಲ್ಲುಗಳ ಮೇಲೆ ಸರಿಯಾಗಿ ಕೂರದೆ ಅವನ್ನು ಕೊಕ್ಕೆಯಂತೆ ಸವೆಸುತ್ತದೆ. ಎಂಜಿನ್ ನಿಲ್ಲಿಸಿ, ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಹಿಡಿದು ಎಳೆದು ನೋಡಿ. ಹಲ್ಲಿನ ಅರ್ಧದಷ್ಟು ಭಾಗ ಕಂಡರೆ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ.

ಹಣ ಉಳಿಸಲೆಂದು ಚೈನ್ ಒಂದನ್ನೇ ಬದಲಿಸುವುದು ಜಾಣತನವಲ್ಲ. ಸವೆದ ಹಲ್ಲುಗಳು ಹೊಸ ಚೈನನ್ನೂ ಬೇಗ ಹಾಳುಮಾಡುತ್ತವೆ. ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಹಾಕಿಸಬೇಕು. ಅಳತೆಯೂ ಹೊಂದಬೇಕು: 428 ಚೈನಿನ ಪಿನ್ನುಗಳ ಅಂತರ 12.7 ಮಿ.ಮೀ., 520ರದು 15.875 ಮಿ.ಮೀ. ಒಂದರ ಸ್ಪ್ರಾಕೆಟ್ ಇನ್ನೊಂದಕ್ಕೆ ಆಗದು.

ಓಡುವಾಗ ಚೈನ್ ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ಅಲ್ಲೇ ಬಿಗಿದು ಸವಾರ ಬೀಳಬಹುದು. ಮಗ ಹೆಚ್ಚು ವೇಗಕ್ಕಾಗಿ ಬೇರೆ ಸ್ಪ್ರಾಕೆಟ್ ಕೇಳಿದರೆ ತಂದೆತಾಯಿ ಗದರಿಸಬೇಕಿಲ್ಲ. ಕಾಗದ, ಪೆನ್ಸಿಲ್ ಕೊಟ್ಟು ಈ ಭಾಗಾಕಾರ ಮಾಡಿಸಿದರೆ ಸಾಕು. ದಿನವೂ ಕಡಿದಾದ ಏರು ಹತ್ತುವವರು ಮುಂದೆ ಒಂದು ಹಲ್ಲು ಕಡಿಮೆ ಮಾಡುವ ಬಗ್ಗೆ ಅನುಭವಿ ಮೆಕ್ಯಾನಿಕ್‌ರನ್ನು ಕೇಳಬಹುದು. ಉಳಿದವರಿಗೆ ಕಂಪನಿ ಕೊಟ್ಟ ಹಲ್ಲುಗಳೇ ಸರಿ.