ಅಜ್ಜ ಅಜ್ಜಿಯರ ಕೈಗೆ ಎಂಥ ಫೋನು?

ನಮ್ಮ ಆಲಸನತ್ತಂನಲ್ಲಿ ಹಗಲು ಹೊತ್ತು ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಮಾತ್ರ ಇರುತ್ತಾರೆ. ಮಗ ಸೊಸೆ ಹೊಸೂರಿನ ಕಾರ್ಖಾನೆಗೆ, ಮೊಮ್ಮಕ್ಕಳು ಬೆಂಗಳೂರಿಗೆ. ಅಂಥ ಒಬ್ಬ ಅಜ್ಜಿಗೆ ಮೊಮ್ಮಗ ತನ್ನ ಹಳೆಯ ಸ್ಮಾರ್ಟ್‌ಫೋನನ್ನು ಕೊಟ್ಟಿದ್ದ. "ಎಷ್ಟು ಒತ್ತಿದರೂ ಇದು ನನ್ನ ಮಾತು ಕೇಳಲ್ಲ ಸ್ವಾಮಿ" ಎಂದರು ಅಜ್ಜಿ. ತಪ್ಪು ಅವರದಲ್ಲ. ಬೆರಳು ಮುಟ್ಟಿದಾಗ ತನ್ನ ವಿದ್ಯುತ್ತಿನಲ್ಲಾಗುವ ಅತಿ ಸಣ್ಣ ಬದಲಾವಣೆಯನ್ನು ಗುರುತಿಸಿ ಆ ಪರದೆ ಕೆಲಸ ಮಾಡುತ್ತದೆ. ಕಳೆ ಕಿತ್ತು ಕಿತ್ತು ಒಣಗಿ ಒರಟಾದ ಬೆರಳು ಅದಕ್ಕೆ ಎಷ್ಟೋ ಸಲ ತಿಳಿಯುವುದಿಲ್ಲ. ಮೇಲೆ ದಪ್ಪ ಗಾಜು ಅಂಟಿಸಿದ್ದರೆ ಇನ್ನೂ ಕಷ್ಟ. ಒದ್ದೆ ಬಟ್ಟೆಯಲ್ಲಿ ಬೆರಳನ್ನು ಒರೆಸಿಕೊಂಡು ಮುಟ್ಟಿದರೆ ಸ್ವಲ್ಪ ವಾಸಿ.

ಆದ್ದರಿಂದ ಕೊಳ್ಳುವ ಮೊದಲು ಹಿರಿಯರನ್ನೇ ಅಂಗಡಿಗೆ ಕರೆದೊಯ್ಯಿರಿ. ಅವರೇ ಮುಟ್ಟಲಿ, ಅವರೇ ಕರೆ ಎತ್ತಲಿ. ಮಾತಿಗಷ್ಟೇ ಬೇಕಾದರೆ ದೊಡ್ಡ ಗುಂಡಿಗಳ ಸಾದಾ ಫೋನೇ ಸಾಕು. ಅದು ಬಡತನದ ಗುರುತೇನಲ್ಲ. ಮೊಮ್ಮಕ್ಕಳ ಮುಖ ನೋಡುವ ಆಸೆಯಿದ್ದರೆ ಸ್ಮಾರ್ಟ್‌ಫೋನು ಬೇಕು. ಕೆಲವು ಕಂಪನಿಗಳ ಫೋನುಗಳಲ್ಲಿ 'ಈಸಿ ಮೋಡ್' ಎಂಬ ಏರ್ಪಾಡಿದೆ. ಅಕ್ಷರ, ಚಿತ್ರಗಳು ದೊಡ್ಡದಾಗುತ್ತವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತವರು ನಮ್ಮಲ್ಲಿ ಬಹಳ. ಯಾವ ಲಿಪಿ ಓದುತ್ತೀರಿ ಎಂದು ಕೇಳಿಯೇ ಭಾಷೆ ಹಾಕಿರಿ. ಓದು ಬಾರದವರಿಗೆ ಹೆಸರಿನ ಬದಲು ಫೋಟೋ ಹಾಕಿಕೊಡಿ. ವಯಸ್ಸಾದಂತೆ ಕೀಚಲು ಸ್ವರ ಮೊದಲು ಕೇಳಿಸದಾಗುತ್ತದೆ, ಹಾಗಾಗಿ ಕರೆಗಂಟೆ ದಪ್ಪ ಸ್ವರದ್ದಿರಲಿ.

ಯಾವ ನಂಬರುಗಳನ್ನು ಹಾಕಿಡಬೇಕು? ಮಗ, ಪಕ್ಕದ ಮನೆಯವರು, ಆಂಬುಲೆನ್ಸಿನ 108. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಗೇ ತಂದುಕೊಡುವ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ನಮ್ಮ ಜಿಲ್ಲೆಯ ಸಾಮನಪಳ್ಳಿಯಲ್ಲೇ ಆರಂಭವಾಯಿತು. ಆ ಕಾರ್ಯಕರ್ತೆಯ ನಂಬರೂ ಇರಲಿ. ಮಾತ್ರೆ ಮುಗಿದದ್ದನ್ನು ಹೇಳಲಾಗದೆ ವಾರಗಟ್ಟಲೆ ಬಿಟ್ಟುಬಿಡುವ ಹಿರಿಯರಿದ್ದಾರೆ. ತುರ್ತು ಸಹಾಯಕ್ಕೆ 112. ಭಾರತದಲ್ಲಿ ಮಾರುವ ಹೊಸ ಫೋನುಗಳಲ್ಲಿ ಇದಕ್ಕೊಂದು ತುರ್ತು ಗುಂಡಿ ಇರಬೇಕೆಂದು 2017ರಿಂದ ನಿಯಮವಿದೆ. ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ನಿಮ್ಮ ಫೋನಿನಲ್ಲಿ ಹೇಗೆಂದು ಅಂಗಡಿಯವರಿಂದಲೇ ಕೇಳಿ ತಿಳಿಯಿರಿ.

ಬ್ಯಾಂಕಿನ ಲೆಕ್ಕವನ್ನು ಮಾತ್ರ ಈ ಫೋನಿಗೆ ಜೋಡಿಸದಿರುವುದು ಲೇಸೆಂದು ನನ್ನ ಅಭಿಪ್ರಾಯ. "ಪೊಲೀಸರು ಮಾತಾಡುತ್ತಿದ್ದೇವೆ, ಫೋನಿನಲ್ಲೇ ನಿಮ್ಮನ್ನು ಬಂಧಿಸಿದ್ದೇವೆ" ಎಂದು ಹೆದರಿಸುವವರಿದ್ದಾರೆ. ಹಾಗೆ ಬಂಧಿಸುವ ಕಾನೂನೇ ಇಲ್ಲ. ಯಾರು ಒ.ಟಿ.ಪಿ. ಕೇಳಿದರೂ ಫೋನು ಇಟ್ಟುಬಿಡಲು ಹೇಳಿಕೊಡಿ. ಹಣ ಹೋದರೆ ಕೂಡಲೇ 1930ಕ್ಕೆ ತಿಳಿಸಬೇಕು.

ಆ ಅಜ್ಜಿ ಈಗ ಗುಂಡಿಯ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಾರೆ. ಮೊಮ್ಮಗ ಭಾನುವಾರ ಬಂದಾಗ ತನ್ನ ಫೋನಿನಲ್ಲೇ ಎಲ್ಲರ ಮುಖ ತೋರಿಸುತ್ತಾನೆ.